ತಟ್ಟೆಯ ಬೆನ್ನು

ನನ್ನ ನಾನಿಯ ಬಳಿ ಒಂದು ತಗಡಿನ ಟ್ರಂಕಿತ್ತು. ಅದರಲ್ಲಿ ಮದುವೆಯ ಬನಾರಸಿ ಸೀರೆ, ಖಾಲಿಯಾದ ಅತ್ತರಿನ ಶೀಶೆ, ನಾನಾ ಬಳಸುತ್ತಿದ್ದ ದರ್ಜಿಯ ಕತ್ತರಿ ಮತ್ತು ಹಳೆಯ ರಜಾಯಿಯ ತುಂಡಿನಲ್ಲಿ ಸುತ್ತಿಟ್ಟ ಒಂದು ಪಿಂಗಾಣಿ ತಟ್ಟೆ. ನಮ್ಮ ಮನೆಯ ದಖನಿಯಲ್ಲಿ ಅದು ರಕಾಬಿ. ರಮಜಾನ್ ಬರುವುದಕ್ಕೆ ಮುಂಚೆ ಮನೆಯನ್ನೆಲ್ಲ ತೊಳೆಯುವಾಗ ವರ್ಷಕ್ಕೊಮ್ಮೆ ಅದು ಹೊರಗೆ ಬರುತ್ತಿತ್ತು. ನಾನಿ ಅದನ್ನು ಸೀಗೆಪುಡಿ ಹಾಕಿ ತೊಳೆದು, ತಮ್ಮ ಸೆರಗಿನಲ್ಲೇ ಒರೆಸಿ, ಸ್ವಲ್ಪ ಹೊತ್ತು ಕಿಟಕಿಯಲ್ಲಿಟ್ಟು ಮತ್ತೆ ಸುತ್ತಿಡುತ್ತಿದ್ದರು. ಅದರಲ್ಲಿ ಯಾರೂ ಉಂಡದ್ದನ್ನು ನಾನು ಕಂಡಿಲ್ಲ.

ತಟ್ಟೆಯ ಮೇಲೆ ಮಂಜಿನಂಥ ತೆಳು ನೀಲಿಯಲ್ಲಿ ಹೂಗಳು, ಎಲೆಗಳು, ಉದ್ದ ಬಾಲದ ಹಕ್ಕಿಗಳು. ಅಂಚಿನ ಹತ್ತಿರ ಒಂದು ಕಡೆ ಒಂದು ಹೂವು ಅರ್ಧಕ್ಕೆ ನಿಂತು ಇನ್ನೊಂದು ಹೂವಿನ ಅರ್ಧ ಅದಕ್ಕೆ ಅಂಟಿಕೊಂಡಿತ್ತು. ಅಲ್ಲೇ ಒಂದು ಹಕ್ಕಿಯ ಬಾಲದ ತುದಿಯೂ ಕತ್ತರಿಸಿ ಹೋಗಿತ್ತು. ಬಾಲವನ್ನು ಬೆಕ್ಕು ತಿಂದುಬಿಟ್ಟಿತು ಎಂದು ನಾನಿ ನಮಗೆ ಹೇಳುತ್ತಿದ್ದರು. ನಾವು ನಂಬುತ್ತಿದ್ದೆವು. ಆದರೆ ನಾನಿಗೆ ಹಕ್ಕಿಗಿಂತ ಮುಖ್ಯವಾದದ್ದು ತಟ್ಟೆಯ ಹಿಂಭಾಗ. ಅದನ್ನು ಮಗುಚಿ ಹಿಡಿದು, ಅಲ್ಲಿದ್ದ ನೀಲಿ ಅಕ್ಷರಗಳ ಮೇಲೆ ಬೆರಳಾಡಿಸಿ, "ಪೀಛೆ ಲಿಖ್ಯಾ ಹೈ" ಎನ್ನುತ್ತಿದ್ದರು. ಹಿಂದೆ ಬರೆದಿದೆ. ಏನು ಬರೆದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಕುರ್‌ಆನ್ ಓದುತ್ತಿದ್ದರು, ಉರ್ದು ಪತ್ರಿಕೆಯನ್ನು ನಿಧಾನವಾಗಿ ಕೂಡಿಸಿಕೊಂಡು ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ನಾನೂ ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವಳು. ಆಮೇಲೆ ಕನ್ನಡ ಹೈಸ್ಕೂಲು. ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓದಲು ಕಲಿತ ನನಗೆ, ಸುತ್ತುಬಳ್ಳಿಯ ಚೌಕಟ್ಟಿನೊಳಗೆ ಬರೆದಿದ್ದ ಆ ಅಕ್ಷರಗಳು ಬಹಳ ಕಾಲ ಬರೀ ಅಲಂಕಾರವಾಗಿಯೇ ಕಂಡವು.

ನಾನಿಯ ಮನೆ ಇದ್ದದ್ದು ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ. ಅವರ ಅಬ್ಬಾ ಗಣಿಯ ಒಬ್ಬ ಇಂಗ್ಲಿಷ್ ಸಾಹೇಬರ ಬಂಗಲೆಯಲ್ಲಿ ಖಾನ್‌ಸಾಮಾ ಆಗಿದ್ದರು. ಆ ಕಾಲದ ಕೆಜಿಎಫ್‌ಗೆ ಪುಟ್ಟ ಇಂಗ್ಲೆಂಡ್ ಎಂದೇ ಹೆಸರು. ಬಂಗಲೆಗಳು, ಕ್ಲಬ್ಬು, ಚರ್ಚು. 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟು. ಇನ್ನೊಂದು ಕಡೆ ತಗಡಿನ ಸಾಲುಮನೆಗಳು, ಸಯನೈಡ್ ಮಣ್ಣಿನ ಬಿಳಿ ದಿಬ್ಬಗಳು. ಸಾಹೇಬರು ವಿಲಾಯತ್ತಿಗೆ ಹಿಂತಿರುಗುವಾಗ ಖುಷಿಯಿಂದ ಈ ರಕಾಬಿಯನ್ನು ಇನಾಮಾಗಿ ಕೊಟ್ಟರಂತೆ. 1944ರಲ್ಲಿ ನಾನಿಯ ಮದುವೆಯಾದಾಗ ಅದು ಅವರ ಜಹೇಜಿನ ಜೊತೆ ಬಂತು. ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆಯಿತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅದು ರಾಣಿಯ ಮನೆಗೆ ಪಾತ್ರೆ ಮಾಡಿಕೊಡುತ್ತಿದ್ದ ಕುಂಬಾರನ ತಟ್ಟೆಯಾಗಿತ್ತು.

ನಾನಿ ತೀರಿಕೊಂಡದ್ದು 2021ರಲ್ಲಿ. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಟ್ರಂಕು ತೆರೆದರು. ಸೀರೆ ಅಮ್ಮಿಗೆ, ಕತ್ತರಿ ಮಾಮುವಿಗೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ತಟ್ಟೆ ಬಂದಾಗ ಮಾಮುವಿನ ಮಗ ಫೋನಿನಲ್ಲಿ ಅದರ ಹೆಸರನ್ನು ಹುಡುಕಿ, "ಇದು ವೆಜ್‌ವುಡ್, ಲಕ್ಷಗಟ್ಟಲೆ ಬಾಳುತ್ತೆ" ಎಂದ. ಲಕ್ಷ ಎಂಬ ಮಾತು ಬಂದ ಮೇಲೆ ಯಾರ ದನಿಯೂ ಮೊದಲಿನಂತೆ ಉಳಿಯಲಿಲ್ಲ. ಗಂಡುಮಗನ ಪಾಲು ಎರಡು ಎಂದು ಮಾಮು ಶರೀಯತ್ತಿನ ಲೆಕ್ಕ ತೆಗೆದರು. ಹದಿನೈದು ವರ್ಷ ಅಮ್ಮನ ಕೈಕಾಲು ಒತ್ತಿದವಳು ನಾನು ಎಂದು ಖಾಲಾ ಅತ್ತರು. ಅಮ್ಮಿ ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಒಂದು ತಪ್ಪಾಯಿತು. ಆ ವರ್ಷ ಬಕ್ರೀದಿನ ಮಾಂಸ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲಿಲ್ಲ. ಕೊನೆಗೆ ಮೂವರೂ ಒಪ್ಪಿದ್ದು ಒಂದಕ್ಕೆ: ತಟ್ಟೆ ನನ್ನ ಬಳಿ ಅಮಾನತ್ತಾಗಿರಲಿ. "ನೀನು ಬರೆಯೋಳು, ಓದಿದೋಳು. ವಿಚಾರಿಸಿ ಹೇಳು" ಎಂದರು ಮಾಮು. ಕಥೆ ಬರೆಯುವವಳಿಗೆ ಪಿಂಗಾಣಿ ವ್ಯಾಪಾರ ಗೊತ್ತಿರುತ್ತದೆ ಎಂದು ಅವರಿಗೆ ಯಾಕೆ ಅನ್ನಿಸಿತೋ ಕಾಣೆ.

ಬೆಂಗಳೂರಿನಲ್ಲಿ ಹಳೆಯ ಸಾಮಾನಿನ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ತಟ್ಟೆಯ ಮುಂಭಾಗವನ್ನು ನೋಡಲೇ ಇಲ್ಲ. ಮಗುಚಿ, ಒಂದು ಕ್ಷಣ ಕಣ್ಣು ಹಾಯಿಸಿ, "ಇದು ನಕಲಿ ಮೇಡಂ. ಅಸಲಿ ವೆಜ್‌ವುಡ್‌ಗೆ 'ಅಂಡ್ ಕೋ' ಇರೋದಿಲ್ಲ. ನಾನೂರು ರೂಪಾಯಿ ಕೊಡ್ತೀನಿ" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ, ಅರ್ಧ ಸುಳ್ಳು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಜೆಫ್ರಿ ಗಾಡೆನ್ ಎಂಬುವರು 1964ರಲ್ಲಿ ಪ್ರಕಟಿಸಿದ, ಬ್ರಿಟಿಷ್ ಪಿಂಗಾಣಿಯ ಗುರುತುಗಳ ದಪ್ಪ ವಿಶ್ವಕೋಶವೊಂದಿದೆ. ಸಂಬಂಧಿಕರ ಹುಡುಗನೊಬ್ಬ ಅದನ್ನು ತಂದುಕೊಟ್ಟ. ಅದನ್ನು ತೆರೆದ ಮೇಲೆ ಕಥೆ ಬರೆಯುವ ಕೆಲಸ ಹಿಂದೆ ಬಿತ್ತು.

ಇಂಗ್ಲೆಂಡಿನ ಕುಂಬಾರರು ತಟ್ಟೆಯ ಬೆನ್ನಿನ ಮೇಲೆ ಬರೆದದ್ದನ್ನು ಓದುವುದು ಒಂದು ವಿದ್ಯೆ. 1842ರಿಂದ 1883ರವರೆಗೆ ಚಿತ್ತಾರವನ್ನು ಸರ್ಕಾರದಲ್ಲಿ ನೋಂದಾಯಿಸಿದವರು ವಜ್ರದ ಆಕಾರದ ಒಂದು ಮುದ್ರೆ ಹಾಕಬಹುದಿತ್ತು. ಅದರ ಮೂಲೆಗಳಲ್ಲಿರುವ ಅಕ್ಷರ, ಅಂಕಿಗಳನ್ನು ಬಿಡಿಸಿದರೆ ನೋಂದಣಿಯ ದಿನವೇ ಸಿಗುತ್ತದೆ. 1884ರಿಂದ ಅದರ ಜಾಗಕ್ಕೆ ಬರೀ ನೋಂದಣಿ ಸಂಖ್ಯೆ ಬಂತು. ಅಮೆರಿಕದ ಮೆಕಿನ್ಲೆ ಸುಂಕದ ಕಾನೂನು, ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರಿರಬೇಕು ಎಂದದ್ದರಿಂದ, 1891ರಿಂದ 'ಇಂಗ್ಲೆಂಡ್' ಎಂಬ ಪದ ತಟ್ಟೆಗಳ ಹಿಂದೆ ಸಾಮಾನ್ಯವಾಯಿತು. ನಮ್ಮ ತಟ್ಟೆಯ ಹಿಂದೆ ವಜ್ರವಿಲ್ಲ, ಸಂಖ್ಯೆಯಿಲ್ಲ. ಬಳ್ಳಿಯ ಚೌಕಟ್ಟಿನಲ್ಲಿ 'ಏಷ್ಯಾಟಿಕ್ ಫೆಸಂಟ್ಸ್' ಎಂದಿದೆ, ಕೆಳಗೆ 'ವೆಜ್‌ವುಡ್ ಅಂಡ್ ಕೋ. ಲಿಮಿಟೆಡ್, ಇಂಗ್ಲೆಂಡ್' ಎಂದಿದೆ. ಇಂಗ್ಲೆಂಡ್ ಇರುವುದರಿಂದ 1891ರ ಈಚಿನದು. ಲಿಮಿಟೆಡ್ ಇರುವುದರಿಂದ 1900ರ ಈಚಿನದು, ಏಕೆಂದರೆ ಈ ಕಂಪನಿ ಲಿಮಿಟೆಡ್ ಆದದ್ದು ಆಗ. 1944ಕ್ಕೆ ನಾನಿಯ ಕೈಗೆ ಬಂದಿದೆ. ಆ ನಡುವೆ ಎಲ್ಲೋ ಒಂದು ದಿನ ಅದು ಟನ್‌ಸ್ಟಾಲ್ ಎಂಬ ಊರಿನಲ್ಲಿ ಆವಿಗೆಯಿಂದ ಹೊರಬಂದಿದೆ.

ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್. ಸ್ಟಾಫರ್ಡ್‌ಶೈರ್ ಜಿಲ್ಲೆಯಲ್ಲಿ ಒಂದರ ಪಕ್ಕ ಒಂದರಂತೆ ಇರುವ ಆರು ಊರುಗಳು. 1910ರಲ್ಲಿ ಅವುಗಳನ್ನು ಸೇರಿಸಿ ಸ್ಟೋಕ್-ಆನ್-ಟ್ರೆಂಟ್ ಮಾಡಿದರು. ಆ ಸೀಮೆಯ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ ತನ್ನ ಬರಹಗಳಲ್ಲಿ ಐದೇ ಊರು ಎಂದು ಬರೆದು ಫೆಂಟನ್ನನ್ನು ಬಿಟ್ಟುಬಿಟ್ಟ. ಫೆಂಟನ್ನಿನವರಿಗೆ ಆ ಸಿಟ್ಟು ಇನ್ನೂ ಹೋಗಿಲ್ಲವಂತೆ. ಕಥೆಗಾರರು ಹೆಸರು ಬಿಡುವಾಗ ಹುಷಾರಾಗಿರಬೇಕು. ನೆಲದಡಿ ಕಲ್ಲಿದ್ದಲು, ಪಕ್ಕದಲ್ಲೇ ಜೇಡಿಮಣ್ಣು. ಶೀಶೆಯ ಆಕಾರದ ಇಟ್ಟಿಗೆಯ ಆವಿಗೆಗಳು ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದವು. ಅವುಗಳ ಹೊಗೆಯಿಂದ ಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಈಗ ಉಳಿದಿರುವುದು ಐವತ್ತಕ್ಕಿಂತ ಕಡಿಮೆ.

ಹೆಸರಾಂತ ವೆಜ್‌ವುಡ್ ಎಂದರೆ ಜೊಸೈಯಾ. 1730ರಲ್ಲಿ ಬರ್ಸ್‌ಲೆಮ್‌ನ ಕುಂಬಾರರ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಸಿಡುಬು ಬಂದು ಒಂದು ಮಂಡಿ ಕೆಟ್ಟಿತು. 1768ರಲ್ಲಿ ಆ ಕಾಲನ್ನು ಕತ್ತರಿಸಿದರು. ಕಾಲಿನಿಂದ ತಿಗರಿ ತುಳಿಯಲಾಗದವನು ಮಣ್ಣನ್ನು, ಮೆರುಗನ್ನು, ಬೆಂಕಿಯನ್ನು ಪರೀಕ್ಷಿಸುತ್ತಾ ಕುಳಿತ. ಸಾವಿರಾರು ಪ್ರಯೋಗಗಳ ಲೆಕ್ಕವನ್ನು ಬರೆದಿಟ್ಟ. ಕೆನೆಯ ಬಣ್ಣದ ಅವನ ಹಗುರವಾದ ಮಣ್ಣಿನ ಪಾತ್ರೆ ಷಾರ್ಲಟ್ ರಾಣಿಗೆ ಹಿಡಿಸಿತು. 1765ರಲ್ಲಿ ರಾಣಿಯಿಂದ ಚಹಾ ಸೆಟ್ಟಿನ ಆರ್ಡರು ಬಂತು, ಅಂದಿನಿಂದ ಅದು ಕ್ವೀನ್ಸ್ ವೇರ್ ಆಯಿತು. 1769ರಲ್ಲಿ ಎಟ್ರೂರಿಯಾ ಎಂಬ ದೊಡ್ಡ ಕಾರ್ಖಾನೆ ತೆರೆದ. ರಷ್ಯದ ಕ್ಯಾಥರಿನ್ ರಾಣಿಗೆ 952 ಪಾತ್ರೆಗಳ ಒಂದು ಸೆಟ್ಟು ಮಾಡಿಕೊಟ್ಟ. ದೋಷವಿರುವ ಪಾತ್ರೆ ಕಂಡರೆ ತನ್ನ ಮರದ ಕಾಲಿನಿಂದ ಒಡೆದುಹಾಕುತ್ತಿದ್ದ ಎಂಬ ಕಥೆಯಿದೆ. ಅದು ಕಥೆಯೇ ಇರಬಹುದು, ನಮ್ಮ ನಾನಿಯ ಬೆಕ್ಕಿನಂತೆ. ಆದರೆ 1787ರಲ್ಲಿ, ಸಂಕೋಲೆ ತೊಟ್ಟು ಮಂಡಿಯೂರಿ 'ನಾನೂ ಮನುಷ್ಯನಲ್ಲವೇ' ಎಂದು ಕೇಳುವ ಗುಲಾಮನ ಪುಟ್ಟ ಪದಕವನ್ನು ಇದೇ ಮನುಷ್ಯ ತನ್ನ ಖರ್ಚಿನಲ್ಲಿ ಮಾಡಿ ಹಂಚಿದ್ದು ಕಥೆಯಲ್ಲ. ಗುಲಾಮರ ವ್ಯಾಪಾರದ ವಿರುದ್ಧ ಅದನ್ನು ಜನ ಕೋಟಿನ ಮೇಲೆ, ಹೆಂಗಸರು ಬಳೆಯಲ್ಲಿ ಧರಿಸಿಕೊಂಡು ತಿರುಗಿದರು.

ಅವನ ಇನ್ನೊಂದು ಕೆಲಸ ನನಗೆ ಈಗ ಮುಖ್ಯವಾಗಿ ಕಾಣುತ್ತದೆ. ಆಗ ಸ್ಟಾಫರ್ಡ್‌ಶೈರಿನ ಬಹಳ ಕುಂಬಾರರು ತಮ್ಮ ಪಾತ್ರೆಗೆ ಹೆಸರೇ ಹಾಕುತ್ತಿರಲಿಲ್ಲ. ಜೊಸೈಯಾ ತನ್ನ ಹೆಸರನ್ನು ಹಸಿ ಮಣ್ಣಿನಲ್ಲೇ ಒತ್ತಿಸಿದ. ಆಮೇಲೆ ಅಳಿಸಲು ಬರದಂತೆ. ಹೆಸರು ಸಾಮಾನಿಗಿಂತ ದೊಡ್ಡದಾದ ಮೇಲೆ ಅದನ್ನು ಕದಿಯುವವರೂ ಬಂದರು. ಸ್ಟಾಕ್‌ಟನ್‌ನ ವಿಲಿಯಂ ಸ್ಮಿತ್ ಕಂಪನಿಯವರು ಹೆಸರಿನ ನಡುವೆ ಒಂದು 'ಇ' ಅಕ್ಷರ ಹೆಚ್ಚಿಗೆ ಸೇರಿಸಿ ಒತ್ತುತ್ತಿದ್ದರು. 1848ರಲ್ಲಿ ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಒಂದು ಅಕ್ಷರಕ್ಕೆ ಕೋರ್ಟು ಹತ್ತಿದ ಕಥೆ ಓದಿ ನನಗೆ ನಗು ಬಂತು. ನುಕ್ತೆ ಒಂದು ಜಾರಿದರೆ 'ಖುದಾ' ಹೋಗಿ 'ಜುದಾ' ಆಗುತ್ತದೆ ಎಂದು ಉರ್ದು ಶಾಲೆಯ ಉಸ್ತಾದರು ನಮ್ಮ ಕಿವಿ ಹಿಂಡುತ್ತಿದ್ದರು.

ನಮ್ಮ ತಟ್ಟೆಯ ವೆಜ್‌ವುಡ್ ಈ ಜೊಸೈಯಾ ಅಲ್ಲ. ಅವನ ದೂರದ ಸಂಬಂಧಿ, 1813ರಲ್ಲಿ ಹುಟ್ಟಿದ ಈನಾಕ್ ವೆಜ್‌ವುಡ್. ಟನ್‌ಸ್ಟಾಲ್‌ನಲ್ಲಿ ಪಾಡ್ಮೋರ್, ವಾಕರ್ ಎಂಬುವರ ಕಾರ್ಖಾನೆಯಲ್ಲಿ ಅವನು ಪಾಲುದಾರನಾದ. ಪಾಲುದಾರರಿಗೆ ಈ ಹೆಸರಿನ ಬೆಲೆ ಗೊತ್ತಾಯಿತು. 1860ರಲ್ಲಿ ಕಂಪನಿಯ ಹೆಸರೇ 'ವೆಜ್‌ವುಡ್ ಅಂಡ್ ಕೋ' ಆಯಿತು. ಹಾಗಾದರೆ ಇದು ನಕಲಿಯೇ? ಅಲ್ಲ. ಈನಾಕನಿಗೆ ಆ ಹೆಸರು ಅವನ ಅಬ್ಬಾನಿಂದ ಬಂದದ್ದು, ಕದ್ದದ್ದಲ್ಲ. ಆದರೆ ಅಂಗಡಿಯಲ್ಲಿ ಅವಸರದಲ್ಲಿ ನೋಡಿದ ಗಿರಾಕಿ ರಾಣಿಯ ಕುಂಬಾರನದೇ ಎಂದುಕೊಂಡರೆ ಅವರು ತಡೆಯಲೂ ಇಲ್ಲ. ರಾಬರ್ಟ್‌ಸನ್‌ಪೇಟೆಯ ಖಾನ್‌ಸಾಮಾನ ಕುಟುಂಬ ಮೂರು ತಲೆಮಾರು ಹಾಗೆಂದುಕೊಂಡಿತು.

ಟನ್‌ಸ್ಟಾಲ್‌ನವರು ಮಾಡಿದ್ದು ಸಾಧಾರಣ ಜನರ ಪಾತ್ರೆ. ಗಟ್ಟಿ, ಅಗ್ಗ, ದಿನದ ಬಳಕೆಗೆ. ಏಷ್ಯಾಟಿಕ್ ಫೆಸಂಟ್ಸ್ ಚಿತ್ತಾರ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲೂ ಇತ್ತು. ಹತ್ತಾರು ಕಾರ್ಖಾನೆಗಳು ಅದನ್ನೇ ಅಚ್ಚು ಹಾಕಿದವು. ಅದರ ಮೂಲ ಕರ್ತೃಗಳು ತಾವೇ ಎಂದು ಟನ್‌ಸ್ಟಾಲ್‌ನವರು ಹೇಳಿಕೊಳ್ಳುತ್ತಿದ್ದರು. ಫೆಸಂಟ್ ಎಂದರೆ ಕಾಡುಕೋಳಿಯ ಜಾತಿಯ ಹಕ್ಕಿ. ಏಷ್ಯಾದ ಹಕ್ಕಿ ಎಂದು ಹೆಸರಿಟ್ಟರೂ ಅದು ಏಷ್ಯಾದ ಯಾವ ಕಾಡಿನಲ್ಲೂ ಇಲ್ಲ, ಕಲ್ಪನೆಯದು. ಏಷ್ಯಾದ ಹೆಸರಿನ ಹಕ್ಕಿ ಹಡಗು ಹತ್ತಿ ಏಷ್ಯಾಕ್ಕೆ ಬಂದು ನಮ್ಮ ನಾನಿಯ ಟ್ರಂಕಿನಲ್ಲಿ ಕುಳಿತಿತು.

ಇಲ್ಲೊಂದು ಸುತ್ತುದಾರಿಯ ಮಾತು ಹೇಳದೆ ಮುಂದೆ ಹೋಗಲಾರೆ. ಕನ್ನಡದ 'ಪಿಂಗಾಣಿ' ಪಾರಸಿಯ ಪಿಂಗಾನ್, ಅರಬಿಯ ಫಿಂಜಾನ್‌ಗಳ ನಂಟು ಎನ್ನುತ್ತಾರೆ. ಬಟ್ಟಲು, ಲೋಟ ಎಂಬರ್ಥ. ಒಂಬತ್ತನೆಯ ಶತಮಾನದಲ್ಲಿ ಚೀನಾದ ಬಿಳಿ ಪಾತ್ರೆಗಳು ಸಮುದ್ರದ ಮೇಲೆ ಇರಾಕಿಗೆ ಬಂದಾಗ ಬಸ್ರಾದ ಕುಂಬಾರರು ಬೆರಗಾದರು. ಅಂಥ ಬಿಳಿ ಮಣ್ಣು ಅವರಲ್ಲಿರಲಿಲ್ಲ. ಮೆರುಗಿಗೆ ತವರ ಬೆರೆಸಿ, ಹಳದಿ ಮಣ್ಣನ್ನು ಬಿಳಿಯ ಪರದೆಯಿಂದ ಮುಚ್ಚಿ, ಅದರ ಮೇಲೆ ಕೋಬಾಲ್ಟಿನ ನೀಲಿಯಲ್ಲಿ ಬರೆದರು. ಆ ವಿದ್ಯೆ ಮುಸ್ಲಿಮರ ಸ್ಪೇನಿಗೆ ಹೋಯಿತು, ಅಲ್ಲಿಂದ ಇಟಲಿ, ಹಾಲೆಂಡಿನ ಡೆಲ್ಫ್ಟ್, ಕೊನೆಗೆ ಲಂಡನ್, ಬ್ರಿಸ್ಟಲ್, ಲಿವರ್‌ಪೂಲ್. ಇಂಗ್ಲೆಂಡಿನಲ್ಲಿ ಆ ತವರದ ಮೆರುಗಿನ ಕಸುಬನ್ನು ಮುಗಿಸಿದ್ದು ಜೊಸೈಯಾ ಮತ್ತು ಅವನ ಸೀಮೆಯವರ ಕೆನೆಬಣ್ಣದ ಪಾತ್ರೆಗಳೇ. ತಟ್ಟೆಯ ಹಿಂದೆ ಕುಂಬಾರನ ಹೆಸರಿದೆ, ಅವನ ದೇಶದ ಹೆಸರಿದೆ. ಬಸ್ರಾದ ಹೆಸರಿಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಬಸ್ರಾದವರೂ ಚೀನಾದವರಿಂದ ನೋಡಿ ಕಲಿತವರೇ.

ಹಕ್ಕಿಯ ಬಾಲಕ್ಕೆ ಬರುತ್ತೇನೆ. ಈ ಚಿತ್ರಗಳನ್ನು ಕುಂಚದಿಂದ ಬರೆಯುತ್ತಿರಲಿಲ್ಲ. ತಾಮ್ರದ ಹಾಳೆಯಲ್ಲಿ ಚಿತ್ರವನ್ನು ಗೀರುತ್ತಿದ್ದರು. ಗೀರುಗಳಿಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ತುಂಬಿ, ತೆಳುವಾದ ಟಿಶ್ಯೂ ಕಾಗದದ ಮೇಲೆ ಅಚ್ಚು ತೆಗೆಯುತ್ತಿದ್ದರು. ಒಬ್ಬ ಹುಡುಗಿ ಆ ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಕು, ಅಂಚಿಗೆ ಬೇರೆ, ನಡುವಿಗೆ ಬೇರೆ. ಇನ್ನೊಬ್ಬ ಹೆಂಗಸು ಅದನ್ನು ಒಮ್ಮೆ ಸುಟ್ಟ, ಇನ್ನೂ ಮೆರುಗಿಲ್ಲದ ತಟ್ಟೆಯ ಮೇಲೆ ಅಂಟಿಸಿ, ಸೋಪು ಹಚ್ಚಿದ ಗಟ್ಟಿ ಬ್ರಷ್ಷಿನಿಂದ ತಿಕ್ಕಬೇಕು. ಆಮೇಲೆ ನೀರಿನಲ್ಲಿ ಅದ್ದಿ ಕಾಗದ ತೆಗೆದರೆ ಚಿತ್ರ ತಟ್ಟೆಯಲ್ಲಿ ಉಳಿಯುತ್ತದೆ. ಮತ್ತೆ ಬಿಸಿ, ಮೆರುಗಿನ ಅದ್ದು, ಮತ್ತೆ ಬೆಂಕಿ. ಅಂಚಿನ ಕಾಗದ ದುಂಡಗೆ ಸುತ್ತಿ ಬಂದು ತನ್ನ ತುದಿಯನ್ನೇ ಸೇರುವ ಜಾಗದಲ್ಲಿ ಚಿತ್ತಾರ ಸರಿಯಾಗಿ ಕೂಡುವುದಿಲ್ಲ. ಅರ್ಧ ಹೂವು, ತುಂಡು ಬಾಲ. ಬೆಕ್ಕಲ್ಲ, ಕತ್ತರಿ. ಸಂಜೆಯಾಗಿತ್ತೋ, ಕೈ ಸೋತಿತ್ತೋ, ಲೆಕ್ಕದ ಅವಸರವೋ, ಆ ಹುಡುಗಿ ಒಂದು ನೂಲಿನಷ್ಟು ಹೆಚ್ಚಿಗೆ ಕತ್ತರಿಸಿದ್ದಳು.

ಇದು ತಿಳಿದ ದಿನ ನಾನು ತಟ್ಟೆಯನ್ನು ಬಿಸಿಲಿಗೆ ಹಿಡಿದು ಹೊಸದಾಗಿ ನೋಡಿದೆ. ಅಂಚಿನ ಕೆಳಗೆ ಮೂರು ಕಡೆ ಸೂಜಿಮೊನೆಯಷ್ಟು ಒರಟು ಚುಕ್ಕೆಗಳಿವೆ. ಆವಿಗೆಯಲ್ಲಿ ತಟ್ಟೆಗಳು ಒಂದಕ್ಕೊಂದು ಅಂಟದಿರಲಿ ಎಂದು ನಡುವೆ ಇಡುತ್ತಿದ್ದ ಮಣ್ಣಿನ ಮುಳ್ಳುಗಳ ಗಾಯ ಅವು. ದೊಡ್ಡ ಮುದ್ರೆಯಿಂದ ದೂರ, ಎಳ್ಳುಕಾಳಿನಷ್ಟು ಒಂದು ನೀಲಿ ಗೀಟು ಇದೆ. ಅದು ಕೆಲಸಗಾರರ ಗುರುತು. ತುಂಡು ಲೆಕ್ಕದ ಕೂಲಿಯಲ್ಲಿ ಯಾರು ಎಷ್ಟು ತಟ್ಟೆ ಮಾಡಿದರು ಎಂದು ಎಣಿಸಲು ಇಂಥ ಚುಕ್ಕೆ, ಗೀಟು, ಅಂಕಿಗಳನ್ನು ಹಾಕುತ್ತಿದ್ದರು. ಜೊಸೈಯಾನ ಕಂಪನಿಯಲ್ಲೂ 1860ರಿಂದ ಒತ್ತುತ್ತಿದ್ದ ಮೂರು ಅಕ್ಷರಗಳಲ್ಲಿ ಒಂದು ತಿಂಗಳಿಗೆ, ಒಂದು ವರ್ಷಕ್ಕೆ, ನಡುವಿನದು ಕುಂಬಾರನಿಗೆ. ವರ್ಷದ ಅಕ್ಷರವನ್ನು ಓದಲು ಸಂಗ್ರಹಕಾರರ ಬಳಿ ಪಟ್ಟಿಯಿದೆ. ಗಾಡೆನ್ನರ ದಪ್ಪ ಪುಸ್ತಕದಲ್ಲಿ ನಮ್ಮ ತಟ್ಟೆಯ ಗೀಟು ಇಲ್ಲ. ಇರಬೇಕಾದ ಕಾರಣವೂ ಇಲ್ಲ, ಅದು ಮಾಲೀಕರ ಗುರುತುಗಳ ಪುಸ್ತಕ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರುಗಳಲ್ಲಿ 'ಗುಡ್ ಫ್ರಮ್ ಓವನ್' ಎಂಬ ಪದ್ಧತಿಯಿತ್ತು. ಆವಿಗೆಯಿಂದ ಸರಿಯಾಗಿ ಹೊರಬಂದ ತಟ್ಟೆಗೆ ಮಾತ್ರ ಕೂಲಿ. ಬೆಂಕಿ ಹೆಚ್ಚಾಗಿ ಸೊಟ್ಟಗಾದರೆ, ಬೇರೆ ಯಾರೋ ಸರಿಯಾಗಿ ಜೋಡಿಸದೆ ಒಡೆದರೆ, ಅದನ್ನು ತಟ್ಟಿದವನ ಕೂಲಿ ಹೋಯಿತು. ಇದರ ವಿರುದ್ಧ 1836ರಲ್ಲೇ ಕುಂಬಾರರು ದೊಡ್ಡ ಮುಷ್ಕರ ಹೂಡಿದ್ದರು. 1840ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವನ್ ಎಂಬ ಅಧಿಕಾರಿ ಅಲ್ಲಿನ ಮಕ್ಕಳ ದುಡಿಮೆಯ ಬಗ್ಗೆ ವರದಿ ಬರೆದ. ಹಸಿ ತಟ್ಟೆಯಿರುವ ಅಚ್ಚನ್ನು ಹೊತ್ತು ಕಾದ ಒಲೆಕೋಣೆಗೆ ಓಡುವುದು, ಒಣಗಿದ್ದನ್ನು ಹೊತ್ತು ವಾಪಸು ಓಡುವುದು, ಇದು ಚಿಕ್ಕ ಹುಡುಗರ ಕೆಲಸ. ಮೆರುಗಿನಲ್ಲಿ ಸೀಸವಿತ್ತು. ಅದರಲ್ಲಿ ಕೈ ಅದ್ದುವವರ ಮಣಿಕಟ್ಟು ಜೋತು ಬೀಳುತ್ತಿತ್ತು, ಗರ್ಭಗಳು ನಿಲ್ಲುತ್ತಿರಲಿಲ್ಲ. ಕಚ್ಚಾ ಸೀಸದ ಮೆರುಗನ್ನು ಕಾನೂನು ಪೂರ್ತಿ ಹೊರಗಿಟ್ಟದ್ದು 1947ರಲ್ಲಿ.

ಆದರೆ ಎಲ್ಲಕ್ಕಿಂತ ಹಳೆಯದು ಧೂಳು. ಮಣ್ಣನ್ನು ಬೆಳ್ಳಗೆ, ಗಟ್ಟಿಯಾಗಿ ಮಾಡಲು ಚಕಮಕಿ ಕಲ್ಲನ್ನು ಸುಟ್ಟು ಪುಡಿ ಮಾಡಿ ಬೆರೆಸುತ್ತಿದ್ದರು. ಒಣಗಿದ ಆ ಪುಡಿ ಜನರನ್ನು ಕೊಲ್ಲುತ್ತದೆ ಎಂದು ಕಂಡ ಥಾಮಸ್ ಬೆನ್ಸನ್, ಕಲ್ಲನ್ನು ನೀರಿನಲ್ಲಿ ಅರೆಯುವ ಯಂತ್ರಕ್ಕೆ 1726ರಲ್ಲೇ ಪೇಟೆಂಟ್ ಪಡೆದಿದ್ದ. ಆದರೂ ತಟ್ಟೆ ತಟ್ಟುವ ಕೋಣೆಗಳಲ್ಲಿ, ಒಣಗಿದ ಅಂಚನ್ನು ಉಜ್ಜುವ ಹೆಂಗಸರ ಬೆಂಚುಗಳಲ್ಲಿ ಧೂಳು ಇನ್ನೂರು ವರ್ಷ ಉಳಿಯಿತು. ಅಲ್ಲಿನವರು ಆ ಕೆಮ್ಮಿಗೆ 'ಕುಂಬಾರರ ಕೊಳೆತ' ಎಂಬರ್ಥದ ಹೆಸರಿಟ್ಟಿದ್ದರು. ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ.

ಸಿಲಿಕೋಸಿಸ್ ಎಂಬ ಪದವನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಕೆಜಿಎಫ್‌ನಲ್ಲಿ ಬೆಳೆದ ಯಾವ ಮಗುವಿಗೂ ಅದು ಗೊತ್ತು. ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಧೂಳು ಅದೇ ಸಿಲಿಕಾ. ನಾನಿಯ ಮನೆಯ ಗೋಡೆಯಾಚೆ ರಾತ್ರಿಯಿಡೀ ಒಬ್ಬರಲ್ಲ ಒಬ್ಬರು ಕೆಮ್ಮುತ್ತಿದ್ದರು. ನಮ್ಮ ನಾನಾ ದರ್ಜಿ, ಗಣಿಗೆ ಇಳಿದವರಲ್ಲ. ಆದರೆ ಗಣಿಯವರಿಗೆ ಹೊಲಿದ ಅಂಗಿಯನ್ನು ಎರಡನೆಯ ವರ್ಷ ಅವರೇ ಕಿರಿದು ಮಾಡಿಕೊಡಬೇಕಾಗುತ್ತಿತ್ತು, ಮೈ ಇಳಿದಿರುತ್ತಿತ್ತು ಎಂದು ನಾನಿ ಹೇಳುತ್ತಿದ್ದರು. ಇನ್ನೊಂದು ನಂಟೂ ಇದೆ. ಕೋಲಾರದ ಗಣಿಗೆ ಬಂದ ಇಂಗ್ಲಿಷರಲ್ಲಿ ಅನೇಕರು ಕಾರ್ನ್‌ವಾಲ್ ಸೀಮೆಯವರು, ಹುಟ್ಟಾ ಗಣಿಗಾರರು. ಸ್ಟಾಫರ್ಡ್‌ಶೈರಿನ ತಟ್ಟೆಗಳಿಗೆ ಬಿಳಿ ಜೇಡಿ ಹೋಗುತ್ತಿದ್ದದ್ದೂ ಅದೇ ಕಾರ್ನ್‌ವಾಲ್‌ನಿಂದ, ಹಡಗಿನಲ್ಲಿ ಲಿವರ್‌ಪೂಲಿನ ಕಡೆಗೆ, ಅಲ್ಲಿಂದ ಕಾಲುವೆಯಲ್ಲಿ. ಆ ಕಾಲುವೆಯ ಮೊದಲ ಗುದ್ದಲಿ ಹಾಕಿದವನು ಜೊಸೈಯಾ, 1766ರಲ್ಲಿ. ನಮ್ಮ ಪರನಾನಾ ಅಡಿಗೆ ಮಾಡಿ ಬಡಿಸಿದ ಸಾಹೇಬರು ಕಾರ್ನ್‌ವಾಲ್‌ನವರಾಗಿದ್ದರೆ, ತಮ್ಮ ಊರಿನ ಮಣ್ಣಿನಲ್ಲೇ ಉಂಡರು.

ಈಗ ಎರಡೂ ಕಡೆ ಬೆಂಕಿ ಆರಿದೆ. ಟನ್‌ಸ್ಟಾಲ್‌ನ ಕಂಪನಿ 1965ರಲ್ಲಿ ತನ್ನ ಹೆಸರನ್ನು ಈನಾಕ್ ವೆಜ್‌ವುಡ್ ಎಂದು ಬದಲಿಸಿಕೊಂಡಿತು. 1980ರಲ್ಲಿ ಜೊಸೈಯಾನ ಕಂಪನಿ ಅದನ್ನು ಕೊಂಡು ಯೂನಿಕಾರ್ನ್ ಪಾಟರಿ ಎಂದು ಕರೆಯಿತು. ನೂರಿಪ್ಪತ್ತು ವರ್ಷ ಗಿರಾಕಿಗಳು ಒಂದೇ ಎಂದು ತಪ್ಪು ತಿಳಿದಿದ್ದ ಎರಡು ವೆಜ್‌ವುಡ್‌ಗಳು ಹೆಸರು ಹೋದ ಮೇಲೆ ನಿಜವಾಗಿ ಒಂದಾದವು. ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. 2009ರ ಜನವರಿಯಲ್ಲಿ ವಾಟರ್‌ಫರ್ಡ್ ವೆಜ್‌ವುಡ್ ದಿವಾಳಿಯ ಅಂಚಿಗೆ ಬಂದು ಬೇರೆಯವರ ಆಡಳಿತಕ್ಕೆ ಹೋಯಿತು. ನಿವೃತ್ತರ ಪಿಂಚಣಿಯ ಸಾಲಕ್ಕೆ ಜೊಸೈಯಾನ ಕಾಲದ ಪಾತ್ರೆಗಳ ಮ್ಯೂಸಿಯಮ್ಮನ್ನೇ ಹರಾಜು ಹಾಕಬೇಕಾದ ಪ್ರಸಂಗ ಬಂದಾಗ, 2014ರಲ್ಲಿ ಒಂದೂವರೆ ಕೋಟಿ ಪೌಂಡಿಗೂ ಹೆಚ್ಚು ಹಣ ಸೇರಿಸಿ ಅದನ್ನು ಉಳಿಸಿಕೊಂಡರು. ಸಾವಿರಾರು ಸಾಧಾರಣ ಜನ ಚಂದಾ ಕೊಟ್ಟರು.

ಇಷ್ಟನ್ನೆಲ್ಲ ತಿಳಿದ ಮೇಲೂ ಮನೆಯವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಬೆಲೆಯಿಲ್ಲ ಎಂದರೆ ಜಗಳ ಮುಗಿಯುತ್ತದೆ. ಆದರೆ ರಾಣಿಯ ಕುಂಬಾರನ ಜೊತೆ ನಾನಿಯ ಅಬ್ಬಾನ ಇಜ್ಜತ್ತೂ ಹೋಗುತ್ತದೆ. ಸಾಹೇಬರು ಮೇಜಿನ ಮೇಲಿನ ನಾಜೂಕಿನ ಪಿಂಗಾಣಿಯನ್ನು ಗಂಟು ಕಟ್ಟಿಕೊಂಡು, ಅಡಿಗೆಮನೆಯ ದಿನಬಳಕೆಯ ತಟ್ಟೆಯೊಂದನ್ನು ಖಾನ್‌ಸಾಮಾನ ಕೈಗಿಟ್ಟು ಹೋದರು ಎಂದು ನಾನೇ ನನ್ನ ಬಾಯಿಂದ ಹೇಗೆ ಹೇಳಲಿ? ಸುಮ್ಮನಿದ್ದೆ. ಅಮಾನತ್ತು ಇಟ್ಟುಕೊಂಡವಳು ಸುಮ್ಮನಿರುವುದೂ ಒಂದು ಬಗೆಯ ಖಿಯಾನತ್ತು ಎಂದು ಆಗಾಗ ಚುಚ್ಚುತ್ತಿತ್ತು.

ಕಳೆದ ರಮಜಾನಿಗೆ ಮುಂಚೆ ಮೂವರನ್ನೂ ನಮ್ಮ ಮನೆಗೆ ಕರೆದೆ. ಮಾಮು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಖಾಲಾ ಅಡಿಗೆಮನೆಯ ಹೊಸ್ತಿಲಲ್ಲಿ, ಅಮ್ಮಿ ನಡುವೆ. ತಟ್ಟೆಯನ್ನು ದಸ್ತರಖಾನದ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಈನಾಕ್, ಟನ್‌ಸ್ಟಾಲ್, ನಾನೂರು ರೂಪಾಯಿ. ಮಾಮುವಿನ ಮುಖ ನೋಡಲಾಗದೆ ಹಕ್ಕಿಯನ್ನೇ ನೋಡುತ್ತಾ ಹೇಳಿದೆ.

"ಅಡಿಗೆಮನೆ ತಟ್ಟೆ ಅಂತ ಅಮ್ಮಾಗೆ ಗೊತ್ತಿತ್ತು" ಎಂದರು ಖಾಲಾ. "ಅವರ ಅಬ್ಬಾನ ಕೈಯಿಂದ ಬಿದ್ದು ಆರರಲ್ಲಿ ಐದು ಒಡೆದಿದ್ದವಂತೆ. ಸಾಹೇಬ್ ಒಂದು ತಿಂಗಳ ಪಗಾರದಲ್ಲಿ ಮುರ್ಕೊಂಡು, ಉಳಿದದ್ದನ್ನ ನೀನೇ ಇಟ್ಕೋ ಅಂದನಂತೆ. ಅದನ್ನ ಮಕ್ಕಳ ಮುಂದೆ ಹೇಳ್ತಾರಾ?"

ಯಾರೂ ಮಾತಾಡಲಿಲ್ಲ. ಅಮ್ಮಿ ತಲೆಯಾಡಿಸಿದರು. ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರು ನಾನು ಮತ್ತು ಮಾಮು.

ಮಾಮು ಎದ್ದು ಬಂದು ತಟ್ಟೆ ಎತ್ತಿಕೊಂಡರು. ಕನ್ನಡಕ ಹಾಕಿಕೊಂಡು ಹಿಂದೆ ತಿರುಗಿಸಿದರು. ಆ ಎಳ್ಳುಕಾಳಿನಂಥ ಗೀಟನ್ನು ತೋರಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಬಹಳ ಹೊತ್ತು ಅದನ್ನೇ ನೋಡಿದರು. ನಾನಾ ಕೂಡ ತಾನು ಹೊಲಿದ ಅಂಗಿಯ ಕಾಲರಿನ ಒಳಗೆ ಒಂದು ಕೆಂಪು ದಾರದ ಹೊಲಿಗೆ ಹಾಕುತ್ತಿದ್ದರಂತೆ. ಅಂಗಡಿಯ ಸೇಠು ವಾರದ ಕೊನೆಗೆ ಅದನ್ನು ಎಣಿಸಿ ಕೂಲಿ ಕೊಡುತ್ತಿದ್ದನಂತೆ. ಮಾಮು ಚಿಕ್ಕವರಿದ್ದಾಗ ಆ ಕೆಂಪು ದಾರವನ್ನು ಸೂಜಿಗೆ ಪೋಣಿಸಿಕೊಡುತ್ತಿದ್ದರಂತೆ.

"ಇನ್ನು ಇದರಲ್ಲಿ ತಿನ್ನಬಹುದಲ್ಲ?" ಎಂದರು.

ಮೆರುಗು ಅಲ್ಲಲ್ಲಿ ಬಿರುಕು ಬಿಟ್ಟಿದೆ, ಹಳೆಯ ಸೀಸ ಇರಬಹುದು, ಹುಳಿ, ಬಿಸಿ ಹಾಕಬೇಡಿ ಎಂದೆ. ಖಾಲಾ ಖರ್ಜೂರದ ಪೊಟ್ಟಣ ಬಿಚ್ಚಿದರು. ಒಂದು ಬಟ್ಟೆಯ ತುಂಡು ಹಾಸಿ ಅದರ ಮೇಲೆ ಖರ್ಜೂರ ಜೋಡಿಸಿದರು. ಬಾಲವಿಲ್ಲದ ಹಕ್ಕಿ ಮಾತ್ರ ಒಂದು ಬದಿಯಲ್ಲಿ ಕಾಣುತ್ತಿತ್ತು. ತಟ್ಟೆ ಈಗ ಖಾಲಾನ ಮನೆಯಲ್ಲಿದೆ. ಈ ಸಲ ಬಕ್ರೀದಿಗೆ ಮಾಂಸ ಮೂರು ಮನೆಗೂ ಹೋಯಿತು. ಮಾಮುವಿನ ಮನೆಯಿಂದ ಬಂದದ್ದು ಸ್ವಲ್ಪ ಎಲುಬೇ ಹೆಚ್ಚಿತ್ತು ಎಂದು ಅಮ್ಮಿ ಇನ್ನೂ ಹೇಳುತ್ತಿರುತ್ತಾರೆ.